ಹೀರೋ ಕಾರಿಗೆ ಅಭ್ಯಂಜನ ಮಾಡಿಸೋದು ಹೇಗೆ?

ಅಭಿಮಾನಿ ಮಿತ್ರರೇ, ಈ ವಾರ ನಮ್ಮ ಅಂಕಣದಲ್ಲಿ ತಾರಾಮಣಿಯ ಮದುವೆ ಸುದ್ದಿಯೂ ಇಲ್ಲ, ಖಳನಾಯಕರ ಮುನಿಸಿನ ಕಥೆಯೂ ಇಲ್ಲ. ಅದಕ್ಕೆಲ್ಲ ರಜೆ ಕೊಟ್ಟಿದ್ದು ಸಂತೇಬೆನ್ನೂರಿಂದ ಬಂದ ಒಂದು ಕಾಗದ. ಬರೆದವನು ಅಲ್ಲಿನ ವಾಟರ್ ಸರ್ವೀಸ್ ಶೆಡ್ಡಿನಲ್ಲಿ ದುಡಿಯೋ ಹುಡುಗ. ಓದಿ ನೋಡಿ:

"ಅಣ್ಣಾ, ನಮ್ಮೂರ ಪುಷ್ಕರಣಿ ನೋಡೋಕೆ ದೊಡ್ಡ ದೊಡ್ಡ ಕಾರಿನವರು ಬರ್ತಾರೆ. ಮೊನ್ನೆ ಒಂದು ಕರೆಂಟ್ ಕಾರು ನಮ್ಮ ಶೆಡ್ಡಿಗೆ ಬಂತು. ಬೆಲೆ ಕೋಟಿ ಮೇಲಂತೆ! ನಮ್ಮ ಓನರ್ರು 'ಮುಟ್ಟಬ್ಯಾಡ, ಶಾಕ್ ಹೊಡಿತೈತೆ, ಗೀರು ಬಿದ್ರೆ ನಿನ್ನ ವರ್ಷದ ಸಂಬಳ ಹೋಗ್ತೈತೆ' ಅಂತ ವಾಪಸ್ ಕಳಿಸಿಬಿಟ್ರು. ಮುಂದೆ ಇಂಥವೇ ಬರ್ತಾವಂತೆ. ಬಂದಿದ್ದನ್ನೆಲ್ಲ ವಾಪಸ್ ಕಳಿಸ್ತಾ ಹೋದ್ರೆ ನಾವೇನು ಮಾಡ್ಬೇಕು? ಹೀರೋಗಳ ಕಾರನ್ನ ಹೆಂಗೆ ತೊಳಿತಾರೆ, ಬರೀರಿ."

ತಮ್ಮಾ, ಇಡೀ ಪುಟ ನಿನಗೇ! ನಿಮ್ಮ ಓನರ್ ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಬರೀ ಭಯ. ಶಾಕ್ ಮಾತು ಭಯ. ಗೀರು ಮಾತು ನಿಜ. ಆದರೆ ಆ ಗೀರು ತಪ್ಪಿಸೋಕೆ ಬೇಕಾದ್ದು ಎರಡು ಬಕೆಟ್ಟು, ಒಳ್ಳೇ ಬಟ್ಟೆ, ಒಂದಿಷ್ಟು ತಾಳ್ಮೆ. ಇಷ್ಟಿದ್ದರೆ ಸಂತೇಬೆನ್ನೂರಲ್ಲೂ ಕೋಟಿ ಕಾರು ತೊಳೆಯಬಹುದು.

ಕೋಟಿ ಕಾರಿನ ಕಾಗದದಂಥ ಚರ್ಮ

ಜನವರಿ 2024ರಲ್ಲಿ ರೋಲ್ಸ್-ರಾಯ್ಸ್ ಕಂಪನಿಯವರು 'ಸ್ಪೆಕ್ಟರ್' ಅನ್ನೋ ಕರೆಂಟ್ ಕಾರನ್ನು ನಮ್ಮ ದೇಶಕ್ಕೆ ತಂದರು. ಆಗಿನ ಬೆಲೆ ಏಳೂವರೆ ಕೋಟಿ! ನಮ್ಮಲ್ಲಿ ಎಷ್ಟೋ ಸಿನಿಮಾಗಳ ಪೂರ್ತಿ ಖರ್ಚೇ ಅಷ್ಟಾಗೋದಿಲ್ಲ. ಅಂಥ ಕಾರಿನ ಬಣ್ಣ ಎಷ್ಟು ದಪ್ಪ ಇರಬಹುದು ಅಂತೀರಿ? ಸಾಮಾನ್ಯವಾಗಿ ಕಾರಿನ ಬಣ್ಣದ ಎಲ್ಲ ಪದರ ಸೇರಿದರೆ 100ರಿಂದ 150 ಮೈಕ್ರಾನ್. ನೀವು ಹಿಡಿದಿರೋ ಈ ಪತ್ರಿಕೆಯ ಒಂದೆರಡು ಹಾಳೆಯಷ್ಟು ಅಂದುಕೊಳ್ಳಿ. ತಗಡಿನ ಮೇಲೆ ತುಕ್ಕು ತಡೆಯೋ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಹೊಳೆಯೋ ಕ್ಲಿಯರ್ ಕೋಟ್. ನಮ್ಮ ಕಣ್ಣು ಕುಕ್ಕೋ ಥಳಥಳಪೆಲ್ಲ ಈ ಕೊನೇ ಪದರದ್ದು. ಅದರ ದಪ್ಪ ಸುಮಾರು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು.

ಕಾರು ಬಿಸಿಲಲ್ಲಿ ನಿಂತಾಗ ಮೈಮೇಲೆ ಜೇಡರ ಬಲೆಯಂಥ ಸುತ್ತು ಸುತ್ತು ಗೆರೆ ಕಾಣ್ತವಲ್ಲ? ಅವು ಬಹುಪಾಲು ಮೂಡೋದು ತೊಳೆಯೋವಾಗ, ಒರೆಸೋವಾಗ. ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣವೇ ಉಜ್ಜುಕಾಗದದ ಕೆಲಸ ಮಾಡಿಬಿಡ್ತದೆ. ಪ್ರತಿ ಸಲ ಪಾಲಿಷ್ ಹೊಡೆದು ಆ ಗೆರೆ ತೆಗೆದಾಗಲೂ ಕ್ಲಿಯರ್ ಕೋಟ್ ಸ್ವಲ್ಪ ಸ್ವಲ್ಪ ಸವೆಯುತ್ತೆ. ಸವೆದದ್ದು ಮತ್ತೆ ಬೆಳೆಯೋಲ್ಲ.

ಇಲ್ಲೊಂದು ಸ್ವಾರಸ್ಯ ಕೇಳಿ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ 'ರೇವಾ' ಪುಟಾಣಿ ಕರೆಂಟ್ ಕಾರು ನೆನಪಿದೆಯೇ? 2004ರಿಂದ 'ಜಿ-ವಿಜ್' ಅನ್ನೋ ಹೆಸರಲ್ಲಿ ಲಂಡನ್ ಬೀದಿಯಲ್ಲೂ ಓಡಾಡಿತು. ಅದರ ಮೈ ಪ್ಲಾಸ್ಟಿಕ್ಕಿನದು, ಬಣ್ಣ ಪ್ಲಾಸ್ಟಿಕ್ಕಿನೊಳಗೇ ಬೆರೆತಿತ್ತು. ಗೀರಿದರೂ ಒಳಗೆ ಅದೇ ಬಣ್ಣ! ಬಡವರ ಮಗುವಿನಂತೆ ಬಿದ್ದು ಎದ್ದು ಓಡಾಡಿಕೊಂಡಿತ್ತು. ಈಗಿನ ಐಷಾರಾಮಿ ಕಾರುಗಳೋ, ಮುಟ್ಟಿದರೆ ಮಾಸುವ ಮಹಾರಾಣಿಯರು.

ಖಳನಾಯಕರ ಪಟ್ಟಿ

ಹೀರೋ ಕಾರಿಗೆ ಮೊದಲ ಖಳನಾಯಕ ಯಾರು ಗೊತ್ತೇ? ಬೇಜಾರಾಗಬೇಡಿ, ನಾವೇ! ಸಿನಿಮಾ ಬಿಡುಗಡೆ ದಿನ ಥಿಯೇಟರ್ ಮುಂದೆ ಕಾರು ನಿಂತಿತೋ ಇಲ್ಲವೋ, ನೂರಾರು ಕೈ ಬಾನೆಟ್ ಮೇಲೆ. ಕೈಯಲ್ಲಿ ಉಂಗುರ, ಕಡಗ, ಮೊಬೈಲು. ಧೂಳು ಕೂತ ಮೈಮೇಲೆ ಅಷ್ಟು ಕೈ ಆಡಿದರೆ ಏನಾಗಬೇಕು? ಮೇಲಿಂದ ಕ್ರೇನಿನ ಸೇಬಿನ ಹಾರ, ಪಟಾಕಿ ಕಿಡಿ. ಅಣ್ಣನ ಮೇಲಿನ ಪ್ರೀತಿ ಅಣ್ಣನ ಕಾರಿನ ಮೇಲೆ ಗೀರಾಗಿ ಉಳಿಯೋದು ಬೇಡ. ಒಂದು ಮಾರು ದೂರದಿಂದಲೇ ಜೈಕಾರ ಹಾಕಿ, ಸಾಕು.

ಎರಡನೆಯವನು ಹಕ್ಕಿ ಹಿಕ್ಕೆ. ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟನ್ನೇ ತಿಂದು ಕಲೆ ಬಿಡ್ತದೆ. ಉಗುರಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿ, ನೆನೆದ ಮೇಲೆ ಮೆಲ್ಲಗೆ ಎತ್ತಿ.

ಮೂರನೆಯವನು ಆಯುಧಪೂಜೆಯಲ್ಲಿ ಬರೋ ಅತಿಥಿ. ಅರಿಶಿನ, ಕುಂಕುಮ, ಒಡೆದ ಬೂದುಗುಂಬಳದ ರಸ, ಹಿಂಡಿದ ನಿಂಬೆಹಣ್ಣು. ಪೂಜೆ ಬೇಡ ಅನ್ನೋಕೆ ನಾನ್ಯಾರು? ಆದರೆ ಬಿಳಿ ಕಾರಿಗೆ ಕುಂಕುಮ ಇಡೋದಾದರೆ ನಂಬರ್ ಪ್ಲೇಟಿಗೋ ಗಾಜಿಗೋ ಇಡಿ, ಸಂಜೆಯೊಳಗೆ ನೀರು ಹಾಕಿ.

ನಾಲ್ಕನೆಯವನು ನಮ್ಮ ಚನ್ನಗಿರಿ ಸೀಮೆಗೇ ವಿಶೇಷ. ಅಡಿಕೆ ಕೊಯ್ಲಿನ ಕಾಲ ಬಂದರೆ ಅಡಿಕೆ ಚೊಗರು! ಅದು ಬಟ್ಟೆಗೆ ತಗುಲಿದರೆ ಹೋಗೋಲ್ಲ ಅನ್ನೋದು ನಿಮ್ಮಮ್ಮನಿಗೆ ಗೊತ್ತು. ಕಾರಿಗೆ ಸಿಡಿದರೆ ಒಣಗೋಕೆ ಬಿಡಬೇಡಿ. ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸೋ ದಿನಗಳಲ್ಲಿ ಏಳೋ ಹೊಟ್ಟು, ಧೂಳನ್ನು ಒಣಬಟ್ಟೆಯಿಂದ ಝಾಡಿಸಲೂ ಬೇಡಿ.

ಐದನೆಯವನು ನೀರು! ಹೌದು, ತೊಳೆಯೋ ನೀರೇ. ಬಯಲುಸೀಮೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕಾರಿನ ಮೇಲೆ ಅದು ತಾನಾಗಿ ಆರಿದರೆ ನೀರು ಹೋಗಿ ಸುಣ್ಣದಂಶ ಉಳೀತದೆ. ಆ ಬಿಳಿ ಚುಕ್ಕಿ ಬಿಸಿಲಲ್ಲಿ ಸುಟ್ಟುಕೊಂಡರೆ ಪಾಲಿಷ್ ಹೊಡೆಯದೆ ಹೋಗೋಲ್ಲ.

ಶಾಕ್ ಹೊಡೆಯುತ್ತಾ?

ಕರೆಂಟ್ ಕಾರು ಮಳೆಯಲ್ಲಿ ಓಡಾಡಲೆಂದೇ ಮಾಡಿದ್ದು. ಅದರ ಬ್ಯಾಟರಿ ನೀರು ನುಗ್ಗದ ಹಾಗೆ ಭದ್ರವಾಗಿ ಮುಚ್ಚಿರ್ತದೆ. ಹೊರಗಿನಿಂದ ಮೈ ತೊಳೆದರೆ ಶಾಕ್ ಹೊಡೆಯೋಲ್ಲ. ಆದರೂ ಕೆಲವು ನೇಮ ಮೀರಬಾರದು.

ಚಾರ್ಜಿಂಗ್ ವೈರು ಚುಚ್ಚಿರೋವಾಗ ತೊಳೆಯಬೇಡಿ. ಚಾರ್ಜಿಂಗ್ ಬಾಯಿಯ ಮುಚ್ಚಳ ಭದ್ರವಾಗಿ ಮುಚ್ಚಿದೆಯೇ ನೋಡಿ. ಪ್ರೆಷರ್ ಗನ್ನನ್ನು ಆ ಬಾಯಿಗೆ, ಕ್ಯಾಮೆರಾಕ್ಕೆ, ಬಾಗಿಲ ರಬ್ಬರಿಗೆ ಹತ್ತಿರ ಹಿಡಿಯಬೇಡಿ. ಎಲ್ಲೇ ಆದರೂ ಒಂದಡಿ ದೂರ ಇರಲಿ. ಬಾನೆಟ್ ಎತ್ತಿ ಒಳಗೆ ನೀರು ಹೊಡೆಯೋ ಹಳೇ ಚಾಳಿ ಇಲ್ಲಿ ಬಿಲ್‌ಕುಲ್ ಬೇಡ. ಕಿತ್ತಳೆ ಬಣ್ಣದ ದಪ್ಪ ವೈರು ಕಂಡರೆ ಅದು ಹೈ ವೋಲ್ಟೇಜು, ಕೈ ಇಡಲೇಬೇಡಿ. ಕೆಳಗೆ ಡೀಸೆಲ್, ಆಯಿಲ್ ಸಿಂಪಡಿಸೋ ಪದ್ಧತಿಯನ್ನೂ ಬಿಡಿ, ರಬ್ಬರು ಹಾಳಾಗ್ತದೆ.

ಇನ್ನೊಂದು ಮುಖ್ಯ. ಈ ಕಾರು ಆನ್ ಆಗಿದ್ದರೂ ಸದ್ದಿಲ್ಲ! ಹಾಗಾಗಿ ಡ್ರೈವರ್ ಕೈಯಲ್ಲೇ ಪಾರ್ಕಿಗೆ ಹಾಕಿಸಿ, ಆಫ್ ಮಾಡಿಸಿ. ಕೆಲವು ಕಾರಿನಲ್ಲಿ 'ಕಾರ್ ವಾಶ್ ಮೋಡ್' ಇರ್ತದೆ. ಅದನ್ನು ಹಾಕಿದರೆ ಗಾಜು ಮುಚ್ಚಿ, ವೈಪರ್ ತಾನಾಗಿ ಏಳದಂತೆ ನಿಲ್ಲುತ್ತೆ. ತೊಳೆದಾದ ಮೇಲೆ ಡ್ರೈವರಿಗೆ ನಿಧಾನಕ್ಕೆ ಓಡಿಸಿ ನಾಲ್ಕು ಸಲ ಬ್ರೇಕ್ ಒತ್ತೋಕೆ ಹೇಳಿ. ಈ ಕಾರುಗಳು ಮೋಟಾರಿನಿಂದಲೇ ವೇಗ ಇಳಿಸಿಕೊಳ್ಳೋದರಿಂದ ಬ್ರೇಕ್ ಡಿಸ್ಕಿಗೆ ಕೆಲಸ ಕಡಿಮೆ. ಒದ್ದೆ ಬಿಟ್ಟರೆ ತುಕ್ಕು ಕೂರ್ತದೆ.

ಶಾಟ್ ರೆಡಿ... ಆ್ಯಕ್ಷನ್!

ಕೈ ಹಚ್ಚೋ ಮೊದಲು ಕಾರಿನವರ ಜೊತೆ ಒಂದು ಸುತ್ತು ಬಂದು, ಇರೋ ಗೀರುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹಿಡ್ಕೋ ತಮ್ಮಾ. ನಿನ್ನ ಸಂಬಳ ಉಳಿಸೋ ಉಪಾಯ ಇದು. ಹಳೇ ಗೀರು ನಿನ್ನ ತಲೆಗೆ ಬರಬಾರದು.

ಕಾರು ನೆರಳಲ್ಲಿರಲಿ, ಮೈ ತಣ್ಣಗಿರಲಿ. ಮೊದಲು ಚಕ್ರ ತೊಳಿ. ಅದರ ಬ್ರಷ್ಷು, ಬಟ್ಟೆ, ಬಕೆಟ್ಟು ಬೇರೆ. ಆಮೇಲೆ ಮೇಲಿಂದ ಕೆಳಕ್ಕೆ ನೀರು ಬಿಟ್ಟು, ಕೈ ಹಾಕದೆಯೇ ಆದಷ್ಟು ಮಣ್ಣು ಇಳಿಸು.

ಈಗ ಎರಡು ಬಕೆಟ್ಟಿನ ಆಟ. ಒಂದರಲ್ಲಿ ಕಾರ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಚೀಲವನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳಿ, ಬರೀ ನೀರಿನಲ್ಲಿ ಜಾಲಾಡು, ಮತ್ತೆ ಶಾಂಪೂವಿನಲ್ಲಿ ಅದ್ದು. ಮಣ್ಣು ಎರಡನೇ ಬಕೆಟ್ಟಿನಲ್ಲೇ ಉಳಿಯುತ್ತೆ, ಕಾರಿಗೆ ವಾಪಸ್ ಬರೋಲ್ಲ. ಗುಟ್ಟೆಲ್ಲ ಇಷ್ಟೇ! ಸುತ್ತು ಸುತ್ತಾಗಿ ಉಜ್ಜಬೇಡ, ನೇರ ಗೆರೆಯಲ್ಲಿ ಎಳಿ. ಮೊದಲು ಟಾಪು, ಗಾಜು, ಬಾನೆಟ್ಟು. ಹೆಚ್ಚು ಮಣ್ಣಿರೋ ಕೆಳಭಾಗ ಕೊನೆಗೆ. ಚೀಲ ನೆಲಕ್ಕೆ ಬಿತ್ತೋ, ಚೆನ್ನಾಗಿ ತೊಳೆಯೋ ತನಕ ಕಾರಿಗೆ ಮುಟ್ಟಿಸಬೇಡ. ಬಟ್ಟೆ ಸೋಪಿನ ಪುಡಿ, ಪಾತ್ರೆ ಸೋಪು, ಸೀಮೆಎಣ್ಣೆ ಮೂರೂ ನಿಷೇಧ. ಅವು ಮೇಲಿನ ಮೇಣವನ್ನೆಲ್ಲ ಕಿತ್ತುಬಿಡ್ತವೆ. ಗ್ಯಾರೇಜಿನ ಬನಿಯನ್ ವೇಸ್ಟಂತೂ ಹತ್ತಿರಕ್ಕೇ ಬೇಡ. ಕೊನೆಗೆ ತೊಳೆದು, ಆರೋ ಮೊದಲೇ ದೊಡ್ಡ ಮೈಕ್ರೋಫೈಬರ್ ಟವೆಲ್ಲಿನಿಂದ ಒತ್ತಿ ಒತ್ತಿ ಒರೆಸು.

ಕವಚ ಕುಂಡಲ

ಬಣ್ಣಕ್ಕೆ ರಕ್ಷಣೆ ಮೂರು ಬಗೆ. ಒಂದು ಮೇಣ. ಬ್ರೆಜಿಲ್ ದೇಶದ ಕಾರ್ನೌಬಾ ತಾಳೆಯ ಎಲೆಯಿಂದ ಬರೋದು. ಅಗ್ಗ, ಹೊಳಪು ಚೆನ್ನ, ಆದರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳ ಆಟ. ಎರಡು, ಸೆರಾಮಿಕ್ ಕೋಟಿಂಗ್. ಗಾಜಿನ ಜಾತಿಯ ಗಟ್ಟಿ ಪದರ, ಸರಿಯಾಗಿ ಹಚ್ಚಿದರೆ ವರ್ಷಗಟ್ಟಲೆ ನಿಲ್ಲುತ್ತೆ. ನೀರು ಮುತ್ತಾಗಿ ಜಾರುತ್ತೆ. ಆದರೆ ಹಾರಿ ಬಂದ ಕಲ್ಲಿನ ಪೆಟ್ಟು ತಡೆಯೋಲ್ಲ. ಮೂರು, ಪಿಪಿಎಫ್ ಅನ್ನೋ ಪಾರದರ್ಶಕ ಹಾಳೆ. ಬಣ್ಣಕ್ಕಿಂತಲೂ ದಪ್ಪ. ಸಣ್ಣ ಗೀರು ಬಿದ್ದರೆ ಬಿಸಿಲಿನ ಶಾಖಕ್ಕೆ ತಾನೇ ಮಾಯವಾಗುತ್ತೆ, ಕಲ್ಲಿನ ಪೆಟ್ಟನ್ನೂ ತಡೆಯುತ್ತೆ. ಇಂಥ ಹಾಳೆಯ ಮೂಲ ವಿಯೆಟ್ನಾಂ ಯುದ್ಧದಲ್ಲಿದೆ. ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳು, ಕಲ್ಲಿನಿಂದ ಕಾಪಾಡಲು ಅಂಟಿಸುತ್ತಿದ್ದದ್ದು ಕಾರಿಗೆ ಬಂತು! ದೊಡ್ಡ ಕಾರಿಗೆ ಪೂರ್ತಿ ಅಂಟಿಸೋಕೆ ಖರ್ಚು ಲಕ್ಷ ದಾಟುತ್ತೆ.

ಯಾವ ಕವಚ ತೊಟ್ಟರೂ ಕೊಳಕು ಬಟ್ಟೆ ಹಿಡಿದ ಕೈಗೆ ಕಾರು ಸಿಕ್ಕರೆ ಲಕ್ಷವೂ ವ್ಯರ್ಥ. ತೊಳೆಯೋನು ಹುಷಾರಾಗಿದ್ದರೆ ಮೇಣವೇ ಸಾಕು.

ಹೊಳಪು ಕಂಡರೆ ಆಗದವರು ಒಬ್ಬರಿದ್ದಾರೆ, ನಮ್ಮ ಛಾಯಾಗ್ರಾಹಕರು! ಥಳಥಳಿಸೋ ಕರಿ ಕಾರಿನಲ್ಲಿ ಲೈಟು, ಕ್ಯಾಮೆರಾ, ಕೊಡೆ ಹಿಡಿದ ಹುಡುಗ ಎಲ್ಲ ಕಾಣ್ತಾರೆ. ಅದಕ್ಕೇ ಶೂಟಿಂಗಿನಲ್ಲಿ ಹೊಳಪು ಮುಚ್ಚೋ 'ಡಲ್ಲಿಂಗ್ ಸ್ಪ್ರೇ' ಅಂತ ಹೊಡೆಯೋದುಂಟು. ಶಾಟ್ ಮುಗಿದ ಮೇಲೆ ಅದನ್ನು ಒರೆಸೋ ಹುಡುಗನ ಹೆಸರು ಟೈಟಲ್ ಕಾರ್ಡಿನಲ್ಲಿ ಬರೋಲ್ಲ.

ನೀರಿನ ಲೆಕ್ಕ

ಕೊನೆಗೊಂದು ಗಂಭೀರ ಮಾತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತವಾದವು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ರೈತರು ಅಡಿಕೆ ಮರ ಉಳಿಸಿಕೊಳ್ಳೋಕೆ ಟ್ಯಾಂಕರ್ ನೀರು ಹೊಡೆಸಿದರು. ಅದೇ ಮಾರ್ಚ್ 2024ರಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಆ ತಿಂಗಳೇ 22 ಮನೆಗಳವರು ಸಿಕ್ಕಿಬಿದ್ದು ಒಟ್ಟು 1 ಲಕ್ಷ 10 ಸಾವಿರ ಕಟ್ಟಿದರು!

ಪೈಪು ಬಿಟ್ಟುಕೊಂಡು ತೊಳೆದರೆ ನೂರಾರು ಲೀಟರ್ ಚರಂಡಿ ಪಾಲು. ಬಕೆಟ್ ಲೆಕ್ಕದಲ್ಲಿ ತೊಳೆದರೆ ಅದರಲ್ಲಿ ಸ್ವಲ್ಪವೇ ಸಾಕು. ಶೆಡ್ಡಿನ ಸೂರಿನ ಮಳೆನೀರನ್ನು ಡ್ರಮ್ಮಿಗೆ ಹಿಡಿದರೆ ಇನ್ನೂ ಲಾಭ. ಮಳೆನೀರು ಮೆದು, ಬಿಳಿ ಚುಕ್ಕಿ ಬಿಡೋಲ್ಲ. ಕೊನೇ ಜಾಲಾಟಕ್ಕೆ ಅದನ್ನೇ ಇಟ್ಟುಕೋ. ನೀರು ನಿಲ್ಲಿಸೋ ವಿದ್ಯೆ ನಿಮ್ಮೂರಿಗೆ ಹೇಳಿಕೊಡಬೇಕೇ? ಪುಷ್ಕರಣಿ ಕಟ್ಟಿಸಿದ ಊರು, ಪಕ್ಕದಲ್ಲೇ ಸೂಳೆಕೆರೆ!

ಚುಟುಕು ಉತ್ತರ

*ಹೊನ್ನಾಳಿಯ ಓದುಗ: ಮಳೆಯಲ್ಲಿ ನಿಲ್ಲಿಸಿದರೆ ಕಾರು ತಾನೇ ತೊಳೆದುಕೊಳ್ಳೋಲ್ಲವೇ?*
ಮಳೆಯಲ್ಲಿ ನಿಂತರೆ ನಿಮ್ಮ ಕತ್ತಿನ ಕೊಳೆ ಹೋಗುತ್ತಾ? ಮಳೆ ನಿಂತ ಮೇಲೆ ಧೂಳಿನ ಕಲೆ ಹಾಗೇ ಇರುತ್ತೆ.

*ಜಗಳೂರಿನ ಅಭಿಮಾನಿ: ಹೊಳಪಿಲ್ಲದ 'ಮ್ಯಾಟ್' ಬಣ್ಣದ ಕಾರಿಗೆ ಪಾಲಿಷ್ ಹೊಡೆದರೆ ಹೊಳೆಯುತ್ತಾ?*
ಅಲ್ಲಲ್ಲಿ ಮಾತ್ರ ಹೊಳೆದು ತೊನ್ನಿನಂತೆ ಕಾಣುತ್ತೆ, ಸರಿ ಮಾಡೋಕೆ ಬಣ್ಣವನ್ನೇ ಹೊಸದಾಗಿ ಹೊಡೆಸಬೇಕು. ಮ್ಯಾಟ್ ಕಾರಿಗೆ ಪಾಲಿಷ್, ಮೇಣ ಎರಡೂ ಬೇಡ.

*ನ್ಯಾಮತಿಯ ಆಟೋ ಮಿತ್ರ: ಇದೆಲ್ಲ ಕೋಟಿ ಕಾರಿಗಾಯ್ತು. ನಮ್ಮ ಆಟೋಗೆ?*
ಗುರುವೇ, ಬಣ್ಣಕ್ಕೆ ಬೆಲೆ ಗೊತ್ತಿಲ್ಲ, ಮರಳಿಗೂ ಗೊತ್ತಿಲ್ಲ. ಅವೇ ಎರಡು ಬಕೆಟ್ಟು, ಅದೇ ಕ್ರಮ. 'ಆಟೋ ರಾಜ' ಬಂದದ್ದು 1980ರಲ್ಲಿ. ಇವತ್ತಿಗೂ ನಿಮ್ಮ ಆಟೋ ಹಿಂದೆ ಶಂಕ್ರಣ್ಣನ ಚಿತ್ರ ಇದೆ. ಅದನ್ನು ಮಾತ್ರ ಪ್ರೆಷರ್ ಗನ್ನಿನಿಂದ ಹೊಡೆಯಬೇಡಿ, ಅಂಚು ಏಳುತ್ತೆ. ಕೈಯಲ್ಲೇ ಒರೆಸಿ.