ಕರುವಿನ ಕೂಗು: ಸಾಕುಪ್ರಾಣಿ, ಸಂಸಾರ ಮತ್ತು ಶರಣರ ದಯೆ

ಅಣ್ಣ ಬಸವಣ್ಣನವರ ಜೀವನದ ಒಂದು ಪ್ರಸಂಗವನ್ನು ಪ್ರವಚನಕಾರರು ಇಂದಿಗೂ ಹೇಳುತ್ತ ಬಂದಿದ್ದಾರೆ. ಒಂದು ರಾತ್ರಿ ಕಳ್ಳರು ಬಸವಣ್ಣನವರ ಮನೆಯ ಹಸುಗಳನ್ನು ಹೊಡೆದುಕೊಂಡು ಹೋದರು. ಮನೆಯವರು ಗಾಬರಿಯಿಂದ ಬಂದು ಸುದ್ದಿ ಮುಟ್ಟಿಸಿದರು. ಬಸವಣ್ಣನವರು ಕಳ್ಳರ ಬೆನ್ನಟ್ಟಲು ಯಾರನ್ನೂ ಕಳುಹಿಸಲಿಲ್ಲ. ಕೊಟ್ಟಿಗೆಯಲ್ಲಿ ಉಳಿದಿದ್ದ ಕರುಗಳು ತಾಯಿಯನ್ನು ಕಾಣದೆ ಕೂಗುತ್ತಿದ್ದವು. ಆ ಕರುಗಳನ್ನೂ ಹಸುಗಳ ಬಳಿಗೇ ತಲುಪಿಸಿಬಿಡಿ ಎಂದರಂತೆ. ಹಸುಗಳ ಕಳವನ್ನು ಕುರಿತು ಅವರ ವಚನವೊಂದೂ ಇದೆ. ಕಳ್ಳನ ಮನೆಯಲ್ಲಿ ಉಣ್ಣುವವನೂ ತಮ್ಮ ಮನೆಯಲ್ಲಿ ಉಣ್ಣುವವನೂ ಕೂಡಲಸಂಗಮದೇವನೇ ಆಗಿರುವಾಗ ಬೊಬ್ಬೆಯಿಡುವುದೇಕೆ ಎಂಬುದು ಅದರ ಭಾವ.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರ್ಮೋಹಕ್ಕೆ ನಿದರ್ಶನವಾಗಿ ವಿವರಿಸಲಾಗುತ್ತದೆ. ಅದು ಸರಿಯೇ. ಆದರೆ ಇಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ. ಹಸುವನ್ನು ಆಸ್ತಿಯೆಂದು ಎಣಿಸುವ ಮನಸ್ಸಿಗೆ ಕೇಳಿಸುವುದು ನಷ್ಟದ ಲೆಕ್ಕ. ಹಸುವನ್ನು ಜೀವವೆಂದು ಕಾಣುವ ಮನಸ್ಸಿಗೆ ಕೇಳಿಸುವುದು ಕರುವಿನ ಕೂಗು. ತಮ್ಮದು ಹೋಯಿತೆಂಬ ವ್ಯಥೆ ಇಲ್ಲದವರಿಗೂ ಆ ಮೂಕಜೀವದ ಅಗಲಿಕೆಯ ವ್ಯಥೆ ತಟ್ಟಿತು. ಆಸ್ತಿಯ ಮೋಹ ಕಳೆದುಕೊಂಡವರಲ್ಲಿ ದಯೆ ಬತ್ತಲಿಲ್ಲ, ಬದಲಾಗಿ ತಿಳಿಯಾಯಿತು.

ಸಾಕುಪ್ರಾಣಿಗಳಿಗೆ ಮನಸ್ಸುಂಟೆ, ಅವುಗಳಿಗೆ ಸಂಸಾರದಲ್ಲಿ ಸ್ಥಾನವೇನು ಎಂಬ ಇಂದಿನ ಪ್ರಶ್ನೆಗೆ ಶರಣರ ದೃಷ್ಟಿಯಿಂದ ಉತ್ತರ ಹುಡುಕುವುದಾದರೆ ಈ ಕೊಟ್ಟಿಗೆಯಿಂದಲೇ ಆರಂಭಿಸಬೇಕು. ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಸೀಮೆಯ ರೈತಾಪಿ ಮನೆಗಳಲ್ಲಿ ಹಸುವಿಗೆ ಗೌರಿ, ಲಕ್ಷ್ಮಿ ಎಂದು ಹೆಸರಿಟ್ಟು ಕರೆಯುವುದು ಹೊಸತಲ್ಲ. ಸಂಕ್ರಾಂತಿಯಂದು ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಿ ಮನೆ ತುಂಬಿಸಿಕೊಳ್ಳುವ ಪದ್ಧತಿಯೂ ಇಲ್ಲಿಯದೇ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಜೋಡೆತ್ತನ್ನು ಮಾರಿ ಹಗ್ಗ ಕೈಬದಲಾಯಿಸುವ ಗಳಿಗೆಯಲ್ಲಿ ರೈತನ ಮುಖ ಬಾಡುವುದನ್ನು ಈ ಭಾಗದ ಜನ ಬಲ್ಲರು. ಆದರೂ ಮನೆಯ ನಾಯಿ ಸತ್ತಾಗ ಯಾರಾದರೂ ಒಂದು ಹೊತ್ತು ಊಟ ಬಿಟ್ಟರೆ ನಗುವವರಿದ್ದಾರೆ. ನಾಯಿಗಾಗಿ ಅಳುವುದು ಅಜ್ಞಾನವೆನ್ನುವವರೂ, ಲಿಂಗಪೂಜೆ ನಡೆಯುವ ಮನೆಯೊಳಗೆ ನಾಯಿ ಸುಳಿಯಬಾರದೆನ್ನುವವರೂ ಇದ್ದಾರೆ. ಇನ್ನೊಂದು ತುದಿಯಲ್ಲಿ, ಪ್ರಾಣಿಗೆ ಅಂಗಿ ತೊಡಿಸಿ ಹುಟ್ಟುಹಬ್ಬ ಆಚರಿಸಿ, ಅದಕ್ಕೆ ಮುಪ್ಪು ಬಂದಾಗ ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೋಗುವವರೂ ಇದ್ದಾರೆ. ಈ ಎರಡು ಬಗೆಯವರೂ ಎದುರಿಗಿರುವ ಜೀವವನ್ನು ಇದ್ದಂತೆ ಕಂಡವರಲ್ಲ.

ಮೊದಲ ಬಗೆಯವರು ಕೆಲವೊಮ್ಮೆ ವಚನಗಳನ್ನೇ ಆಧಾರವಾಗಿ ಎತ್ತಿ ತೋರಿಸುವುದುಂಟು. ವಚನಗಳಲ್ಲಿ ನಾಯಿಯ ಉಪಮೆ ಹಲವೆಡೆ ನಿಂದೆಯ ಅರ್ಥದಲ್ಲಿ ಬಂದಿರುವುದು ನಿಜ. ಪಲ್ಲಕ್ಕಿಯಲ್ಲಿ ಕುಳ್ಳಿರಿಸಿದರೂ ತನ್ನ ಹಳೆಯ ಸ್ವಭಾವ ಬಿಡದ ನಾಯಿಗೆ ಬಸವಣ್ಣನವರು ತಮ್ಮ ಮನಸ್ಸನ್ನು ಹೋಲಿಸಿಕೊಂಡಿದ್ದಾರೆ. ಓದು ಕಲಿತರೂ ಬೆಕ್ಕು ಬರುವುದನ್ನು ತಿಳಿಸಲಾರದ ಗಿಳಿಯ ಮಾತೂ ಅವರ ವಚನದಲ್ಲಿದೆ. ಆದರೆ ಇಲ್ಲಿ ನಿಂದೆಗೆ ಗುರಿಯಾದದ್ದು ನಾಯಿಯೂ ಅಲ್ಲ, ಗಿಳಿಯೂ ಅಲ್ಲ. ವಿಷಯದ ಕಡೆಗೆ ಹರಿಯುವ ಮನುಷ್ಯನ ಮನಸ್ಸು ಮತ್ತು ಅರಿವಿಲ್ಲದ ಅವನ ಓದು. ಉಪಮೆಯನ್ನು ತೀರ್ಪೆಂದು ಭಾವಿಸುವುದು ವಚನದ ಓದಿನಲ್ಲಿ ದೊಡ್ಡ ತಪ್ಪು. ಅದೇ ಬಸವಣ್ಣನವರು ಬಲಿಗೆಂದು ತಂದ ಕುರಿ ತೋರಣದ ಎಲೆಯನ್ನು ಮೇಯುವ ದೃಶ್ಯವನ್ನು ಕಂಡು ಮರುಗಿದ್ದಾರೆ. ಯಜ್ಞಕ್ಕೆಂದು ಎಳೆದೊಯ್ಯುವ ಹೋತನ್ನು ನೇರವಾಗಿ ಸಂಬೋಧಿಸಿ ಅಳು ಎಂದಿದ್ದಾರೆ. ಅಳಲು ಬಲ್ಲದೆಂದು ತಿಳಿದವರು ಮಾತ್ರ ಒಂದು ಪ್ರಾಣಿಯನ್ನು ಹಾಗೆ ಕರೆದಾರು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದ್ದು ಗಿಳಿ, ಕೋಗಿಲೆ, ದುಂಬಿಗಳನ್ನೇ. ದನ ಕಾಯುವುದನ್ನೇ ಕಾಯಕ ಮಾಡಿಕೊಂಡ ತುರುಗಾಹಿ ರಾಮಣ್ಣನವರು ಕಲ್ಯಾಣದ ಶರಣರ ಸಾಲಿನಲ್ಲಿ ಸಮಾನ ಪೀಠ ಪಡೆದರು. ಸಕಲ ಪ್ರಾಣಿಗಳ ಮೇಲಿನ ಕರುಣೆಯೇ ಧರ್ಮಕ್ಕೆ ಆಧಾರವೆಂಬ ಬಸವಣ್ಣನವರ ಮಾತಿನಲ್ಲಿ ಮನುಷ್ಯರಿಗಷ್ಟೇ ಎಂಬ ಗೆರೆ ಇಲ್ಲ.

ಬಸವಣ್ಣನವರಿಗಿಂತ ಸುಮಾರು 200 ವರ್ಷ ಮೊದಲೇ ಕನ್ನಡ ನಾಡು ಒಂದು ನಾಯಿಯ ಸಾವನ್ನು ಕಲ್ಲಿನ ಮೇಲೆ ಬರೆದಿಟ್ಟಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೇರನೆಂಬ ವೀರನಿಗೆ ಅವನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದು ಒಡೆಯನು ಹೇಳಿದನು. ಮಣಲೇರನು ಬೇಡಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದನು. ಅದಕ್ಕೆಂದು ಭೂಮಿಯನ್ನೂ ದತ್ತಿ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದು, ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದು ಎಂದೂ ಶಾಸನ ವಿಧಿಸಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶರಣಧರ್ಮಕ್ಕೆ ಕಲ್ಲಿನ ಪೂಜೆ ಸಮ್ಮತವಲ್ಲ. ಬೇಟೆಯಂತೂ ಅಲ್ಲವೇ ಅಲ್ಲ. ಆದರೂ ಸಾಕಿದ ನಾಯಿಗಾಗಿ ದುಃಖಿಸುವುದು ಪಟ್ಟಣದವರ ಹೊಸ ಷೋಕಿ ಎನ್ನುವವರಿಗೆ ಆತಕೂರಿನ ಕಲ್ಲೇ ಉತ್ತರ ಹೇಳುತ್ತದೆ.

ವಿಜ್ಞಾನವೂ ಈಚೆಗೆ ಇದೇ ದಾರಿಗೆ ಬಂದಿದೆ. 1872ರಲ್ಲಿಯೇ ಚಾರ್ಲ್ಸ್ ಡಾರ್ವಿನ್ನನು ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವನೆಗಳು ಹೊರಹೊಮ್ಮುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. 2012ರಲ್ಲಿ ಕೇಂಬ್ರಿಡ್ಜಿನಲ್ಲಿ ಸೇರಿದ ನರವಿಜ್ಞಾನಿಗಳು ಪ್ರಜ್ಞೆಗೆ ಆಧಾರವಾದ ನರವ್ಯವಸ್ಥೆ ಮನುಷ್ಯನೊಬ್ಬನ ಸ್ವತ್ತಲ್ಲ, ಎಲ್ಲ ಸಸ್ತನಿಗಳಲ್ಲಿಯೂ ಪಕ್ಷಿಗಳಲ್ಲಿಯೂ ಅದು ಇದೆ ಎಂದು ಸಾರಿದರು. 2015ರಲ್ಲಿ ಜಪಾನಿನ ಸಂಶೋಧಕರು ನಾಯಿ ಮತ್ತು ಅದನ್ನು ಸಾಕಿದವರು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಾಸಾಯನಿಕ ಹೆಚ್ಚುವುದನ್ನು ಗುರುತಿಸಿದರು. ತಾಯಿ ಮಗುವಿನ ನಡುವಣ ವಾತ್ಸಲ್ಯದಲ್ಲಿಯೂ ಪಾತ್ರ ವಹಿಸುವ ರಾಸಾಯನಿಕವದು.

ಇದರ ಜೊತೆಗೆ ಇನ್ನೊಂದು ಸಂಶೋಧನೆಯನ್ನೂ ಮರೆಯಬಾರದು. ಮನೆಯಲ್ಲಿ ಏನನ್ನಾದರೂ ಕೆಡಿಸಿದ ನಾಯಿ ಕಿವಿ ಮಡಚಿ ತಲೆ ತಗ್ಗಿಸಿದರೆ ಅದಕ್ಕೆ ತನ್ನ ತಪ್ಪು ಗೊತ್ತಾಗಿದೆ ಎಂದು ಜನ ತಿಳಿಯುತ್ತಾರೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ತಪ್ಪು ಮಾಡದ ನಾಯಿಯೂ ಒಡೆಯ ಗದರಿದಾಗ ಅದೇ ಮುಖ ಮಾಡಿತು. ಅಪರಾಧಭಾವವೆಂದು ಮನುಷ್ಯರು ಓದಿದ್ದು ಗದರಿಕೆಗೆ ನಾಯಿ ತೋರಿದ ಪ್ರತಿಕ್ರಿಯೆಯಾಗಿತ್ತು. ಪ್ರಾಣಿಗೆ ಭಾವನೆಗಳಿವೆ ಎಂಬುದು ಒಂದು ಮಾತು; ಮನುಷ್ಯನ ಭಾವನೆಗಳೆಲ್ಲ ಅದಕ್ಕೆ ಇವೆ ಎಂದು ಆರೋಪಿಸುವುದು ಇನ್ನೊಂದು ಮಾತು. ನಾಯಿಯನ್ನು ನಾಯಿಯಾಗಿಯೇ ಅರಿಯಬೇಕು. ಅದಕ್ಕೆ ಬೇಕಾದುದು ಹುಟ್ಟುಹಬ್ಬದ ಕೇಕು ಅಲ್ಲ. ಹೊತ್ತಿಗೆ ಅನ್ನ, ನೀರು, ನೆರಳು, ಓಡಾಟ, ಮತ್ತು ತನ್ನವರ ಸಹವಾಸ. ದಿನವಿಡೀ ಮೊಳದುದ್ದದ ಸರಪಳಿಯಲ್ಲಿ ಕಟ್ಟಿಹಾಕಿ ಅದು ಮಗನಿದ್ದಂತೆ ಎನ್ನುವುದು ಬರಿಯ ಬಾಯಿಮಾತು. ನುಡಿಯಂತೆ ನಡೆಯಿರಬೇಕೆಂದ ಶರಣರ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಪ್ರೀತಿಯ ಮಾತಿಗೂ ನಡವಳಿಕೆಗೂ ನಡುವಣ ಈ ಅಂತರವನ್ನು ಮೈಸೂರು ಸೀಮೆಯ ಜನ ದೊಡ್ಡ ಪ್ರಮಾಣದಲ್ಲಿ ಕಂಡದ್ದು ಅರ್ಜುನನ ಸಾವಿನಲ್ಲಿ. ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಈ ಆನೆ 2012ರಿಂದ 2019ರವರೆಗೆ 8 ಬಾರಿ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತಿತ್ತು. ಅಂಬಾರಿಯ ತೂಕವೇ ಸುಮಾರು 750 ಕಿಲೋ. ವಯಸ್ಸಾದ ಕಾರಣ ಅಂಬಾರಿಯ ಹೊಣೆಯಿಂದ ಬಿಡುಗಡೆಗೊಂಡ ಮೇಲೂ ಅದನ್ನು ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಒಯ್ಯಲಾಯಿತು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆಯೊಡನೆ ಕಾದಾಡುತ್ತ ಅದು ಪ್ರಾಣಬಿಟ್ಟಿತು. ಮಾವುತ ಆ ದೇಹವನ್ನು ತಬ್ಬಿ ಗೋಳಾಡಿದ್ದನ್ನು ನಾಡೆಲ್ಲ ನೋಡಿತು. ಸ್ಮಾರಕ ನಿರ್ಮಿಸುವುದಾಗಿ ಸರ್ಕಾರ ಪ್ರಕಟಿಸಿತು. ಆನೆ ಸಾಕುಪ್ರಾಣಿಯಲ್ಲ, ಕಾಡಿನಿಂದ ಹಿಡಿದು ತಂದ ಜೀವ ಎಂಬುದು ನಿಜ. ಆದರೂ ಮಾವುತನ ಸಂಸಾರದಲ್ಲಿ ಅದಕ್ಕೆ ಮಗನ ಸ್ಥಾನವಿತ್ತು. ಮುಪ್ಪಿನಲ್ಲಿ ವಿಶ್ರಾಂತಿ ಸಿಗದ ಜೀವಕ್ಕೆ ಸತ್ತ ಮೇಲೆ ಸಿಕ್ಕುವ ಮಾಲೆ ಎಷ್ಟರದು? ಈ ಪ್ರಶ್ನೆ ಆನೆಗಷ್ಟೇ ಸಂಬಂಧಿಸಿದ್ದಲ್ಲ. ಹಾಲು ಬತ್ತಿದ ಹಸು, ಕಣ್ಣು ಮಂಜಾದ ನಾಯಿ ಇರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು.

ಬೈಲಕುಪ್ಪೆಯವರಿಗೆ ಈ ವಿಷಯದಲ್ಲಿ ನೆರೆಯ ಧರ್ಮದ ಉದಾಹರಣೆಯೂ ಕಣ್ಣೆದುರಿಗಿದೆ. 1960ರ ದಶಕದ ಆರಂಭದಿಂದ ಇಲ್ಲಿ ನೆಲೆಸಿರುವ ಟಿಬೆಟನ್ನರ ಬೌದ್ಧ ಪರಂಪರೆಯಲ್ಲಿ ಒಂದು ಧ್ಯಾನಕ್ರಮವಿದೆ: ಅನಾದಿಯಾದ ಜನ್ಮಗಳ ಸಾಲಿನಲ್ಲಿ ಈ ಪ್ರತಿಯೊಂದು ಜೀವಿಯೂ ಒಮ್ಮೆ ತನಗೆ ತಾಯಿಯಾಗಿತ್ತು ಎಂದು ಭಾವಿಸುವುದು. ಕಟುಕರ ಕೈಸೇರಲಿದ್ದ ಪ್ರಾಣಿಯನ್ನು ಹಣ ಕೊಟ್ಟು ಬಿಡಿಸಿ, ಆಯುಸ್ಸು ತೀರುವವರೆಗೆ ಬದುಕಲು ಬಿಡುವ ಆಚರಣೆಯೂ ಅವರಲ್ಲಿದೆ. ಶರಣರು ಪುನರ್ಜನ್ಮದ ಲೆಕ್ಕಕ್ಕೆ ಹೋಗಲಿಲ್ಲ. ಅವರ ದಯೆಗೆ ಆಧಾರ ಬೇರೆ. ಈ ಜೀವದೊಳಗೂ ಇರುವುದು ಆ ಶಿವಚೈತನ್ಯವೇ ಎಂಬ ಅರಿವು. ದಾರಿ ಬೇರೆಯಾದರೂ ಎರಡೂ ಬಂದು ಮುಟ್ಟುವುದು ಒಂದೇ ಹೊಸ್ತಿಲನ್ನು.

ಇಷ್ಟಾದ ಮೇಲೆ ಹೇಳಬೇಕಾದ ಮುಖ್ಯ ಮಾತು ಒಂದೇ. ಸಾಕುಪ್ರಾಣಿಯ ಮೇಲಿನ ಪ್ರೀತಿಯನ್ನು ಅಳೆಯಬೇಕಾದದ್ದು ಅದು ಮರಿಯಾಗಿದ್ದಾಗ ಮಾಡಿದ ಮುದ್ದಿನಿಂದಲ್ಲ, ಅದರ ಮುಪ್ಪಿನಲ್ಲಿ ಮಾಡಿದ ಸೇವೆಯಿಂದ. ತನ್ನ ಸುಖಕ್ಕಾಗಿ ತಂದುಕೊಂಡು ಸುಖ ಮುಗಿದಾಗ ಬಿಡುವುದು ಮೋಹ. ಪ್ರತಿಫಲ ನಿಂತ ಮೇಲೂ ಕೈಬಿಡದಿರುವುದು ದಾಸೋಹ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್, ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದು ಹೇಳುತ್ತದೆ. ಮೊದಲ ಬಾರಿಯ ತಪ್ಪಿಗೆ ಅಲ್ಲಿರುವ ದಂಡ 10ರಿಂದ 50 ರೂಪಾಯಿ. ಕಾನೂನು ಕಟ್ಟಿದ ಬೆಲೆ ಇಷ್ಟು ಅಗ್ಗವಾಗಿರುವಾಗ ಪ್ರಾಣಿಯನ್ನು ಕಾಯಬೇಕಾದದ್ದು ಸಾಕಿದವರ ಅಂತಃಸಾಕ್ಷಿಯೇ. ಮರಿಗಳನ್ನು ಚೀಲದಲ್ಲಿ ಕಟ್ಟಿ ಗುಡಿಯ ಬಾಗಿಲಲ್ಲೋ ಮಠದ ಅಂಗಳದಲ್ಲೋ ಬಿಟ್ಟುಹೋಗುವವರು, ದೇವರಿದ್ದಾನೆ ಹೇಗೋ ಬದುಕುತ್ತವೆ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಅದು ಭಕ್ತಿಯಲ್ಲ, ತಮ್ಮ ಹೊಣೆಯನ್ನು ದೇವರ ತಲೆಗೆ ಕಟ್ಟುವ ಜಾಣತನ. ಮರಿಗಳು ಬೇಡವಾದರೆ ಸಕಾಲದಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ವರ್ಷ ವರ್ಷವೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಲಸಿಕೆಯಿಲ್ಲದ ನಾಯಿಯನ್ನು ಬೀದಿಗೆ ಬಿಟ್ಟು ದಯೆಯ ಮಾತಾಡುವುದು ನೆರೆಮನೆಯ ಮಕ್ಕಳ ಮೇಲಿನ ನಿರ್ದಯೆ.

ಲಿಂಗಪೂಜೆಯ ಮನೆಗೆ ನಾಯಿ ಸಲ್ಲದೆನ್ನುವ ಆಕ್ಷೇಪಕ್ಕೂ ಇಲ್ಲಿ ಉತ್ತರ ಹೇಳಬೇಕು. ಪೂಜೆಯ ಸ್ಥಳವನ್ನು ಶುಚಿಯಾಗಿ ಇಟ್ಟುಕೊಳ್ಳುವುದು ಶಿಸ್ತು, ಅದು ಬೇಕು. ಆದರೆ ಶುಚಿತ್ವ ಬೇರೆ, ಹೇಸಿಗೆ ಬೇರೆ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಹೆಸರಿನಲ್ಲಿ ಜೀವವೊಂದು ಮೈಲಿಗೆಯೆಂದು ಹೇಳುವುದು ಹೇಗೆ ಸಾಧ್ಯ? ಕೈತೊಳೆದರೆ ನಾಯಿ ಮುಟ್ಟಿದ ಕೊಳೆ ಹೋಗುತ್ತದೆ. ನಿರ್ದಯೆಯ ಕೊಳೆಯನ್ನು ತೊಳೆಯುವ ನೀರು ಎಲ್ಲಿಯೂ ಇಲ್ಲ.

ಇನ್ನು ಸಾವಿನ ಮಾತು. ಹತ್ತು ಹನ್ನೆರಡು ವರ್ಷ ಬಾಗಿಲಲ್ಲಿ ಕಾದ ಜೀವ ಒಂದು ದಿನ ಏಳದೆ ಹೋದಾಗ ಮನೆಯ ಹಿರಿಯರೋ ಮಕ್ಕಳೋ ಕಣ್ಣೀರಿಟ್ಟರೆ ಅದನ್ನು ಯಾರೂ ಹಳಿಯಬಾರದು. ವೃದ್ಧ ದಂಪತಿಗಳಷ್ಟೇ ಉಳಿದಿರುವ ಎಷ್ಟೋ ಮನೆಗಳಲ್ಲಿ, ಮಕ್ಕಳು ದೂರದ ಊರುಗಳಿಗೆ ಹೋದ ಮೇಲೆ, ಹೆಜ್ಜೆಯ ಸಪ್ಪಳಕ್ಕೆ ಎದ್ದು ಬರುವ ಜೀವ ಅದೊಂದೇ ಆಗಿರುತ್ತದೆ. ಅದಕ್ಕೆ ತಿಥಿ ಬೇಡ, ಸಮಾಧಿಯ ಕಲ್ಲೂ ಬೇಡ. ತೋಟದ ಮೂಲೆಯಲ್ಲಿ ಆಳವಾಗಿ ಗುಣಿ ತೋಡಿ ಗೌರವದಿಂದ ಮಣ್ಣಿಗೊಪ್ಪಿಸಿ, ಅದರ ನೆನಪಿನಲ್ಲಿ ಬಾಗಿಲ ಹೊರಗೆ ಒಂದು ಬಟ್ಟಲು ನೀರನ್ನು ದಿನವೂ ಇಟ್ಟರೆ ಸಾಕು. ತನ್ನ ನಾಯಿಗಾಗಿ ಅತ್ತವನು ಊರಿನ ನಾಯಿಗೆ ಕಲ್ಲೆಸೆಯುವುದನ್ನು ಬಿಟ್ಟರೆ ಆ ಕಣ್ಣೀರು ಸಾರ್ಥಕ. ತನ್ನದು ಎಂಬಲ್ಲಿಗೇ ನಿಂತರೆ ಅದು ಮಮಕಾರ, ತನ್ನದಲ್ಲದುದಕ್ಕೂ ಹರಿದರೆ ಅದೇ ದಯೆ.

ಕಲ್ಯಾಣದ ಆ ರಾತ್ರಿ ಕೊಟ್ಟಿಗೆಯಲ್ಲಿ ಕೂಗಿದ ಕರುಗಳು ಬಸವಣ್ಣನವರ ಪಾಲಿಗೆ ಆಗಲೇ ಪರರ ಪಾಲಾಗಿದ್ದ ಹಸುಗಳ ಮಕ್ಕಳು. ಆದರೂ ಆ ಕೂಗು ಅವರಿಗೆ ಕೇಳಿಸಿತು. ಇಂದು ಪ್ರತಿಯೊಂದು ಮನೆಯ ಹಿತ್ತಿಲಲ್ಲಿಯೂ ಬೀದಿಯ ತಿರುವಿನಲ್ಲಿಯೂ ಅಂತಹ ಒಂದು ಕೂಗು ಇದ್ದೇ ಇದೆ. ಅದನ್ನು ಕೇಳಿಸಿಕೊಳ್ಳುವ ಕಿವಿಯನ್ನು ಬೆಳೆಸಿಕೊಳ್ಳುವುದು ಲಿಂಗಪೂಜೆಯ ಹೊರಗಿನ ಕೆಲಸವಲ್ಲ, ಅದರ ಫಲ.