ಬೋಟಿಗೆ ಬ್ರೇಕ್ ಇರೋದಿಲ್ಲ ಸ್ವಾಮಿ!

"ಕಾರ್ ಹೊಡ್ಯಾಕ ಬರತೈತಿ ಅಂದ್ರ ಬೋಟ್ ಏನ್ ಮಹಾ? ನೀರಾಗ ಟ್ರಾಫಿಕ್ ಇಲ್ಲ, ಪೊಲೀಸ್ರಿಲ್ಲ, ತೆಗ್ಗಿಲ್ಲ!"

ಬೆಳಗಾವಿಯಲ್ಲಿ ನಾಲ್ಕು ಕಾಸು ಕೂಡಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗಂತೂ ತಲೆ ಕೆಟ್ಟಿದೆ. ಖಾನಾಪುರದ ಕಡೆ ತೋಟ ಮಾಡಿಕೊಂಡಿರುವ ಪರಿಚಯದವರೊಬ್ಬರು ಗೋವಾದಿಂದ ಸೆಕೆಂಡ್ ಹ್ಯಾಂಡ್ ಮೋಟಾರ್ ಬೋಟ್ ತಂದು ಮಲಪ್ರಭೆಗೆ ಇಳಿಸುತ್ತಾರಂತೆ. ಹೋಮ್‌ಸ್ಟೇಗೆ ಬಂದವರನ್ನು ಒಂದು ರೌಂಡ್ ಹೊಡೆಸಿದರೆ ಹಾಕಿದ ದುಡ್ಡಿನ ಬಡ್ಡಿ ಹುಟ್ಟುತ್ತದೆ ಅನ್ನೋದು ಅವರ ಲೆಕ್ಕ.

ಮೊದಲು ಆ ಹೊಳೆಯನ್ನಾದರೂ ನೋಡಬೇಡವೇ? ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರಕ್ಕೆ ಬರುವಾಗ ಇನ್ನೂ ಎಳೆಯ ಹೊಳೆ. ಬೇಸಿಗೆಯಲ್ಲಿ ಬಂಡೆಗಳು ಮೇಲೆದ್ದು ಕೂತಿರುತ್ತವೆ. ಮಳೆಗಾಲದಲ್ಲಿ ಕೆಂಪು ನೀರು ಮರದ ದಿಮ್ಮಿಗಳನ್ನೇ ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಪ್ರೊಪೆಲರ್ ಮುರಿಯುತ್ತದೆ, ಮಳೆಗಾಲದಲ್ಲಿ ಜೀವಕ್ಕೇ ಸಂಚಕಾರ. ಹಾಗಾದರೆ ರಾಕಸಕೊಪ್ಪ ಜಲಾಶಯ ಇದೆಯಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ಅದು ಬೆಳಗಾವಿಯವರು ಕುಡಿಯೋ ನೀರು ಮಾರಾಯ್ರೆ! ಅದರಲ್ಲಿ ಪೆಟ್ರೋಲು, ಆಯಿಲು ತೇಲಿಸೋದೇ?

ಇನ್ನು ಕಾರಿನ ಹೋಲಿಕೆ. ಹಿಂದೆ ಎಂಜಿನ್ ತೂಗುಹಾಕಿದ ಬೋಟಿಗೆ ಬ್ರೇಕೇ ಇಲ್ಲ. ಅದು ತಿರುಗುವುದು ಪ್ರೊಪೆಲರ್ ತಳ್ಳುವ ನೀರಿನ ಬಲದಿಂದ. ಹೊಸಬ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟ ಅಂದುಕೊಳ್ಳಿ, ವೇಗ ಇಳಿಯುವ ಮೊದಲೇ ಸ್ಟೇರಿಂಗಿನ ಹಿಡಿತವೂ ಹೋಗುತ್ತದೆ. ತಿರುಗಿಸಿದಾಗ ಮೂತಿಗಿಂತ ಹೆಚ್ಚಾಗಿ ಹಿಂಭಾಗ ಆಚೆಗೆ ಹೊರಳುತ್ತದೆ. ದಡಕ್ಕೆ ಕಟ್ಟುವಾಗ ಹೊಸಬರು ಹಿಂಬದಿ ಜಜ್ಜಿಕೊಳ್ಳುವುದು ಇದರಿಂದಲೇ.

ಶೋರೂಮಿನಲ್ಲಿ ಬಣ್ಣ ನೋಡುವವರಿಗೆ ತಳದ ತೂತಿನ ಬಿರಟೆ ಕಾಣುವುದಿಲ್ಲ. ಬೋಟು ಟ್ರೇಲರ್ ಮೇಲಿದ್ದಾಗ ಒಳಗಿನ ನೀರು ಹೋಗಲಿ ಅಂತ ಅದನ್ನು ತೆಗೆದಿರುತ್ತಾರೆ. ಹಾಕುವುದು ಮರೆತು ನೀರಿಗಿಳಿಸಿದರೆ ಮನೆಯವರೆಲ್ಲ ಫೋಟೋ ತೆಗೆಯುತ್ತಿರುವಾಗಲೇ ಬೋಟು ಮುಳುಗತೊಡಗುತ್ತದೆ. (ನಗಬೇಡಿ, ಇದು ಜಗತ್ತಿನಾದ್ಯಂತ ನಡೆಯುವ ತಪ್ಪು.) ಎಂಜಿನ್ ತಣ್ಣಗಾಗುವುದು ಹೊಳೆಯ ನೀರನ್ನೇ ಎಳೆದುಕೊಂಡು. ಶಬ್ದ ಕೇಳೋಣ ಅಂತ ಅಂಗಳದಲ್ಲಿ ಒಣಗೇ ಚಾಲೂ ಮಾಡಿದರೆ ಒಳಗಿನ ರಬ್ಬರ್ ಚಕ್ರ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಗೋವಾದ ಉಪ್ಪುನೀರಲ್ಲಿ ಓಡಿದ ಎಂಜಿನನ್ನು ಸಿಹಿನೀರಿನಿಂದ ತೊಳೆಯದೆ ಇಟ್ಟಿದ್ದರಂತೂ ಒಳಗೆಲ್ಲ ಉಪ್ಪು, ತುಕ್ಕು. ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡಿನ ಗುಟ್ಟು ಎಷ್ಟೋ ಸಲ ಅಲ್ಲೇ ಇರುತ್ತದೆ.

ಇದೆಲ್ಲ ಮಾಲೀಕನ ದುಡ್ಡು, ಹೋದರೆ ಹೋಗಲಿ. ನನ್ನ ಸಿಟ್ಟು ಬೇರೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅಲ್ಲಿ ಮೀನು ಹಿಡಿಯುವ ಬೋಟನ್ನೇ ಪ್ರವಾಸಿ ಬೋಟು ಮಾಡಿಕೊಂಡಿದ್ದರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಲೈಫ್ ಜಾಕೆಟ್ ಎಲ್ಲರ ಮೈಮೇಲೆ ಇರಲಿಲ್ಲ. ಪ್ರತಿ ಸಲವೂ ನಾವು ವಿಧಿ ಅಂತೀವಿ. ಬೋಟಿನ ಅಳತೆಗೆ ಮೀರಿ ಜನರನ್ನು ತುಂಬುವುದು ವಿಧಿಯೇ? ತುಂಬಿದ ಬೋಟಿನಲ್ಲಿ ಸೆಲ್ಫಿಗೆ ಅಂತ ಎಲ್ಲರೂ ಒಂದೇ ಬದಿಗೆ ಎದ್ದು ನಿಂತರೆ ಸಾಕು, ಅಲೆಯೇ ಬೇಕಾಗಿಲ್ಲ.

ಕಾನೂನು ಇಲ್ಲ ಅಂತಲ್ಲ. 1917ರ ಹಳೆಯ ಕಾಯ್ದೆ ಹೋಗಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಎಂಜಿನ್ ಇರುವ ಹಡಗು, ಬೋಟುಗಳ ನೋಂದಣಿ, ತಪಾಸಣೆ, ವಿಮೆ ಎಲ್ಲ ಅದರಲ್ಲಿದೆ. ನಮ್ಮ ತೋಟದ ಯಜಮಾನರಿಗೆ ಇದನ್ನು ಹೇಳಿದೆ. "ಖಾನಾಪುರ ಕಾಡಿನ್ಯಾಗ ಯಾರ್ ಬಂದ್ ನೋಡ್ತಾರ್ರೀ?" ಅಂದರು.

ಯಾರೂ ಬಂದು ನೋಡಲ್ಲ, ನಿಜ. ಹಾಗಾಗಿ ಈ ಮಾತು ನಿಮಗೆ. ಮಳೆ ನೋಡಲು ಖಾನಾಪುರದ ಕಡೆ ಬರುವವರಿದ್ದೀರಿ, ಗೊತ್ತು. ಯಾರಾದರೂ ಬೋಟು ತೋರಿಸಿದರೆ ರೇಟು ಕೇಳುವ ಮೊದಲು ಎಷ್ಟು ಜನರ ಬೋಟು, ಜಾಕೆಟ್ ಎಷ್ಟಿವೆ, ನಡೆಸುವವನು ಎಷ್ಟು ಮಳೆಗಾಲ ಈ ಹೊಳೆ ನೋಡಿದ್ದಾನೆ ಅಂತ ಕೇಳಿ. ಎಂಜಿನ್ ಆಫ್ ಮಾಡುವ ಕೆಂಪು ದಾರ ಅವನ ಮೈಗೆ ಕಟ್ಟಿದೆಯಾ ನೋಡಿ. ಅವನು ನೀರಿಗೆ ಬಿದ್ದಾಗ ಎಂಜಿನ್ ನಿಲ್ಲಿಸುವುದು ಆ ದಾರ. ಅದು ಮೊಳೆಗೆ ನೇತಾಡುತ್ತಿದ್ದರೆ ದಡದಲ್ಲೇ ಕೂತು ಮಿರ್ಚಿ ಭಜಿ ತಿನ್ನಿ.