ಕಲ್ಮಶವೇ ಕಾಯುವ ನಿಖರತೆ

ವಸ್ತು ಶುದ್ಧವಾದಷ್ಟೂ ಅಳತೆ ನಿಖರ. ಇದು ಪ್ರಯೋಗಶಾಲೆಯ ಮೊದಲ ಪಾಠ. ಆದರೆ ಈ ಪಾಠವನ್ನೇ ತಲೆಕೆಳಗು ಮಾಡುವ ವಿದ್ಯಮಾನವೊಂದಿದೆ. ಅದೇ ಕ್ವಾಂಟಂ ಹಾಲ್ ಪರಿಣಾಮ.

ವಿದ್ಯುತ್ ಹರಿಯುತ್ತಿರುವ ತೆಳು ಹಾಳೆಗೆ ಲಂಬವಾಗಿ ಕಾಂತಕ್ಷೇತ್ರವನ್ನು ಒಡ್ಡಿದರೆ ಹಾಳೆಯ ಎರಡು ಅಂಚುಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. 1879ರಲ್ಲಿ ಇದನ್ನು ಕಂಡುಹಿಡಿದವರು ಅಮೆರಿಕದ ಎಡ್ವಿನ್ ಹಾಲ್. ಈ ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ಸಿಗುವುದೇ ಹಾಲ್ ರೋಧ. ಕಾಂತಕ್ಷೇತ್ರ ಹೆಚ್ಚಿದಂತೆ ಅದೂ ಒಂದೇ ಸಮನೆ ಏರಬೇಕು.

1980ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಅತಿ ಶೀತದಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರಿನ ಹಾಲ್ ರೋಧವನ್ನು ಅಳೆದರು. ಅದು ಇಳಿಜಾರಿನಂತಿರದೆ ಮೆಟ್ಟಿಲು ಮೆಟ್ಟಿಲಾಗಿತ್ತು. ಪ್ರತಿ ಮೆಟ್ಟಿಲೂ 25,812.807 ಓಮ್‌ಗಳನ್ನು 1, 2, 3ರಂಥ ಪೂರ್ಣಾಂಕದಿಂದ ಭಾಗಿಸಿದಷ್ಟು! ಈ ಶೋಧಕ್ಕೆ 1985ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು.

ಸೋಜಿಗವೆಂದರೆ, ಆ ಟ್ರಾನ್ಸಿಸ್ಟರ್ ಪರಿಶುದ್ಧವೇನೂ ಆಗಿರಲಿಲ್ಲ. ಹಾಗಾದರೆ ಇಷ್ಟು ನಿಖರತೆ ಹೇಗೆ ಬಂತು?

ಪ್ರಬಲ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತದೆ. ಅಂಚಿನಲ್ಲಿರುವ ಎಲೆಕ್ಟ್ರಾನಿಗೆ ಮಾತ್ರ ಸುತ್ತನ್ನು ಮುಗಿಸಲು ಜಾಗವಿಲ್ಲ. ಅದು ಅಂಚಿಗೆ ತಾಗುತ್ತ, ಗುಡಿಯ ಪ್ರದಕ್ಷಿಣೆ ಹಾಕುವವರಂತೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. 1982ರಲ್ಲಿ ಈ ಅಂಚಿನ ಹರಿವನ್ನು ವಿವರಿಸಿದವರು ಬರ್ಟ್ರಾಂಡ್ ಹಾಲ್ಪೆರಿನ್. ಕಲ್ಮಶದ ಪರಮಾಣು ಅಡ್ಡ ಬಂದರೆ ಎಲೆಕ್ಟ್ರಾನು ಅದನ್ನು ಸುತ್ತುಹಾಕಿ ಮುಂದೆ ಹೋಗುತ್ತದೆಯೇ ಹೊರತು ಹಿಂದಿರುಗುವುದಿಲ್ಲ. ಹಿಂದಿರುಗುವ ದಾರಿ ಇರುವುದು ಎದುರಿನ ಅಂಚಿನಲ್ಲಿ. ಎಲೆಕ್ಟ್ರಾನಿನ ಪಾಲಿಗೆ ಅದು ಬಲು ದೂರ.

ಒಳಭಾಗದಲ್ಲಿ ಕಲ್ಮಶದ ಕೆಲಸವೇ ಬೇರೆ. ಅದು ಅಲ್ಲಲ್ಲಿ ತಗ್ಗು ದಿಣ್ಣೆಗಳನ್ನು ಉಂಟುಮಾಡಿ ಎಲೆಕ್ಟ್ರಾನುಗಳನ್ನು ಕಟ್ಟಿಹಾಕುತ್ತದೆ. ಕಾಂತಕ್ಷೇತ್ರ ತುಸು ಹೆಚ್ಚುಕಡಿಮೆಯಾದರೆ ಆ ವ್ಯತ್ಯಾಸವನ್ನು ಈ ತಗ್ಗುಗಳೇ ನುಂಗಿಕೊಳ್ಳುತ್ತವೆ. ಅಂಚಿನ ಹರಿವು ಕದಲುವುದಿಲ್ಲ. ಆದ್ದರಿಂದಲೇ ಮೆಟ್ಟಿಲು ಅಗಲವಾಗಿದೆ. ಕಲ್ಮಶವೇ ಇಲ್ಲದ ಹಾಳೆಯಲ್ಲಿ ಮೆಟ್ಟಿಲೂ ಇರದು, ಬರಿಯ ಇಳಿಜಾರು!

ಹಾಗೆಂದು ಕಲ್ಮಶ ಮಿತಿಮೀರುವಂತಿಲ್ಲ. ಮೀರಿದರೆ ಒಂದಂಚಿನ ಎಲೆಕ್ಟ್ರಾನು ಒಳಗಿನಿಂದ ಹಾದು ಇನ್ನೊಂದಂಚಿಗೆ ದಾಟಿ ಹಿಂದಿರುಗುತ್ತದೆ, ಮೆಟ್ಟಿಲು ಅಳಿಸಿಹೋಗುತ್ತದೆ. ಅಡುಗೆಯ ಉಪ್ಪಿನಂತೆ ಇಲ್ಲೂ ಹದ ಮುಖ್ಯ.

1990ರಿಂದ ಜಗತ್ತಿನ ಮಾಪನ ಪ್ರಯೋಗಾಲಯಗಳು ಓಮ್‌ನ ಅಳತೆಗೆ ಇದೇ ಮೆಟ್ಟಿಲನ್ನು ಆಧಾರವಾಗಿಟ್ಟುಕೊಂಡಿವೆ. 2019ರ ಮೇ 20ರಂದು ಪ್ಲಾಂಕ್ ಸ್ಥಿರಾಂಕಕ್ಕೂ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ಖಚಿತ ಬೆಲೆ ಗೊತ್ತುಮಾಡಿದ ಮೇಲೆ ಈ ಮೆಟ್ಟಿಲಿನ ಬೆಲೆಯೂ ಶಾಶ್ವತವಾಗಿ ನಿಗದಿಯಾಯಿತು. ಕಸದಿಂದ ರಸ ಎಂಬ ಮಾತು ಭೌತವಿಜ್ಞಾನಕ್ಕೂ ಸಲ್ಲುತ್ತದೆ.